ಮಾತು ಮುಗಿಯುವವರೆಗೆ ಹಾಲು ಸುರಿಯತಕ್ಕದ್ದಲ್ಲ

ಅರವತ್ತೆರಡು ವರ್ಷದ ಮನುಷ್ಯನನ್ನು ಕುರ್ಚಿಯಲ್ಲಿ ಕೂರಿಸಿ, ಎರಡು ಕೈಗೆ ಎರಡು ಟೀ ಲೋಟ ಹಿಡಿಸಿ, “ಈಗ ಪಾಠ ಶುರು ಮಾಡಿ ಸಾ” ಎನ್ನುವ ಕಚೇರಿ ನಾನು ಕೆಲಸ ಮಾಡುವ ಶ್ರೀರಂಗಪಟ್ಟಣದ ಕಚೇರಿಯೊಂದೇ ಇರಬೇಕು. ಇದನ್ನು ನಾನು ನಗಿಸಲೆಂದು ಬರೆಯುತ್ತಿಲ್ಲ. ನಡೆದದ್ದನ್ನು ನಡೆದ ಕ್ರಮದಲ್ಲಿ, ಯಾರು ಏನೆಂದರು ಎಂಬುದರ ಸಮೇತ ಬರೆಯುತ್ತಿದ್ದೇನೆ. ಏಕೆಂದರೆ ಆ ಕಚೇರಿಯವರು ಇದನ್ನು ಬೇರೆಯದೇ ರೀತಿಯಲ್ಲಿ ಹೇಳಿಕೊಂಡು ಓಡಾಡುತ್ತಿದ್ದಾರೆ.

ಪೈಪು, ನಲ್ಲಿ ಮಾರುವ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ ನಮ್ಮ ಕಚೇರಿ. ಮಾಲೀಕನನ್ನೂ ಸೇರಿಸಿ ಆರು ಜನ. ಹಳ್ಳಿಗಳ ಹಾಲಿನ ಡೈರಿಗಳಿಗೆ ಸಾಫ್ಟ್‌ವೇರ್ ಬರೆದುಕೊಡುವುದು ನಮ್ಮ ಕೆಲಸ. ಹಾಲು ಹಾಕುವವರು ಬಂದು ತಮ್ಮ ಸದಸ್ಯ ಸಂಖ್ಯೆಯನ್ನು ಗುಂಡಿಗಳಲ್ಲಿ ಒತ್ತಿ ಹಾಲು ಸುರಿಯುತ್ತಾರೆ; ನಮ್ಮ ಯಂತ್ರ ಎಷ್ಟು ಲೀಟರು, ಎಷ್ಟು ಫ್ಯಾಟು ಎಂದು ಅಳೆದು, ಬರೆದುಕೊಂಡು, ಗಟ್ಟಿಯಾಗಿ ಹೇಳುತ್ತದೆ. ಹೇಳುವ ಧ್ವನಿ ನನ್ನದು.

ಆ ಧ್ವನಿಯ ವಿಚಾರ ಇಲ್ಲಿಯೇ ಹೇಳಿಬಿಡುವುದು ಮೇಲು. “ಮಾನ್ಯ ಸದಸ್ಯರೇ, ತಮ್ಮ ಹಾಲನ್ನು ಆದರಪೂರ್ವಕವಾಗಿ ಸ್ವೀಕರಿಸಲಾಗಿದೆ. ಜಿಡ್ಡಿನಂಶ ನಾಲ್ಕು ದಶಾಂಶ ಒಂದು. ತಮ್ಮ ಸಹಕಾರಕ್ಕೆ ನಮ್ಮ ಹೃತ್ಪೂರ್ವಕ ಕೃತಜ್ಞತೆಗಳು.” ಇದು ವಾಕ್ಯ. ಇದನ್ನು ಪಾಂಡವಪುರದ ನನ್ನ ಮನೆಯಲ್ಲಿ ಫ್ಯಾನು ನಿಲ್ಲಿಸಿ, ಕಿಟಕಿ ಮುಚ್ಚಿ, ಬೆವರು ಸುರಿಸುತ್ತ ಧ್ವನಿ ಮುದ್ರಿಸಿಕೊಂಡೆ. ನನ್ನ ಹೆಂಡತಿ ನಾಗಮಂಗಲದವಳು, ಯಾರ ಕೆಲಸಕ್ಕೂ ತನ್ನ ಅಡುಗೆ ನಿಲ್ಲಿಸುವವಳಲ್ಲ. “ಹೃತ್ಪೂರ್ವಕ” ಎಂಬಲ್ಲಿ ಹಿಂದೆ ಸಣ್ಣಗೆ ಕುಕ್ಕರ್ ಕೂಗುವುದು ಈಗಲೂ ಕೇಳಿಸುತ್ತದೆ. ಅದು ನನ್ನ ತಪ್ಪಲ್ಲ.

ಮಾಲೀಕ ನಮ್ಮ ಬೀದಿಯ ಹುಡುಗನೇ. ಹೈಸ್ಕೂಲಿನಲ್ಲಿದ್ದಾಗ ನನ್ನ ಸೈಕಲ್ಲಿನ ಗಾಳಿ ಬಿಟ್ಟಿದ್ದ. ನಾನು ಅದನ್ನು ಮರೆತಿಲ್ಲ, ಅವನಿಗೂ ಮರೆಯಲು ಬಿಟ್ಟಿಲ್ಲ. ಮೈಸೂರಿನ ಒಂದು ಕಾರ್ಖಾನೆಯ ಕಂಪ್ಯೂಟರ್ ವಿಭಾಗದಲ್ಲಿ ಮೂವತ್ತೊಂದು ವರ್ಷ ದುಡಿದು ನಿವೃತ್ತನಾದ ಮೇಲೆ, ಅವನೇ ಮನೆಗೆ ಬಂದು, “ನಮ್ ಹುಡುಗ್ರಿಗೆ ನಿಮ್ಮಂಥೋರು ಬೇಕು ಸಾ, ಬಂದು ಕೂತ್ಕೊಳಿ ಸಾಕು” ಎಂದು ಕರೆದುಕೊಂಡು ಹೋದ. ಬಂದು ಕೂತುಕೊಳ್ಳುವುದು ಎಂಬುದನ್ನು ಅವನು ಅಷ್ಟು ಅಕ್ಷರಶಃ ಜಾರಿಗೆ ತರುತ್ತಾನೆಂದು ನನಗೆ ಗೊತ್ತಿರಲಿಲ್ಲ.

ನನಗೆ ವಹಿಸಿದ್ದು ಸಿಂಧಘಟ್ಟದ ಒಬ್ಬ ಹುಡುಗಿಯನ್ನು. ಇಂಜಿನಿಯರಿಂಗ್ ಮುಗಿಸಿದ್ದಳು, ಇದು ಮೊದಲ ಕೆಲಸ, ಮೂರು ತಿಂಗಳು ಪರೀಕ್ಷಾವಧಿ. ಆ ಮೂರು ತಿಂಗಳು ನಾನು ಅವಳಿಗೆ ಕಲಿಸಬೇಕು, ಕೊನೆಗೆ ಅವಳನ್ನು ಖಾಯಂ ಮಾಡಬಹುದೋ ಇಲ್ಲವೋ ಎಂದು ನಾನೇ ಹೇಳಬೇಕು. ನಾನು ಹೇಳಿದ ಹಾಗೆ ಮಾಲೀಕ ಮಾಡುತ್ತಾನೆ. ಖಾಯಂ ಆಗದಿದ್ದರೆ ಅವಳ ಗತಿ ಏನೆಂಬುದೂ ಮೊದಲ ವಾರದಲ್ಲೇ ತಿಳಿಯಿತು. ಕೆ.ಆರ್. ಪೇಟೆಯ ಒಂದು ಶಾಲೆಯಲ್ಲಿ ಎರಡನೆಯ ತರಗತಿಗೆ ಟೀಚರ್ ಕೆಲಸವನ್ನು ಅವಳ ಸೋದರತ್ತೆ ಗೊತ್ತು ಮಾಡಿಟ್ಟು, ಮೂರು ತಿಂಗಳು ಮಾತ್ರ ಕಾಯುವುದಾಗಿ ಹೇಳಿದ್ದರು.

“ನಂಗೆ ಮಕ್ಳ ಮೂಗು ಒರ್ಸಕ್ಕೆ ಬರಲ್ಲ ಸಾ. ಈ ಕೆಲ್ಸ ಬರ್ತದೆ. ಇದ್ನೇ ಮಾಡ್ಬೇಕು ನಾನು” ಎಂದಳು.

“ಬರುತ್ತದೋ ಇಲ್ಲವೋ ನಾನು ಹೇಳುತ್ತೇನೆ” ಎಂದೆ. ಮಾತಿನಲ್ಲಿ ಮೃದುತ್ವ ಕಡಿಮೆಯಾಯಿತೆಂದು ಆಮೇಲೆ ಅನ್ನಿಸಿದ್ದುಂಟು. ಆದರೆ ಅಷ್ಟರಲ್ಲಿ ಅವಳು ನನ್ನ ಕುರ್ಚಿಯಲ್ಲಿ ಕೂತಿದ್ದಳು.

ಲೋಟಗಳ ಸಂಗತಿ ಶುರುವಾದದ್ದು ಎರಡನೆಯ ವಾರ. ನಾನು ಅವಳ ಪಕ್ಕ ಕುಳಿತು ಕೋಡು ಬರೆಯುವುದನ್ನು ಹೇಳಿಕೊಡುತ್ತಿದ್ದೆ. ಅವಳು ನಿಧಾನವಾಗಿ ಯೋಚಿಸಿ, ನಿಧಾನವಾಗಿ ಟೈಪು ಮಾಡುವವಳು. ನನಗೆ ಉತ್ತರ ಗೊತ್ತಿರುತ್ತಿತ್ತು. ಗೊತ್ತಿದ್ದೂ ಸುಮ್ಮನಿರುವುದು ಒಂದು ಬಗೆಯ ಸುಳ್ಳು ಎಂದು ತಿಳಿದು ಬೆಳೆದವನು ನಾನು. ಆದ್ದರಿಂದ ಮೌಸನ್ನು ತೆಗೆದುಕೊಂಡು ನಾನೇ ಮಾಡಿ ತೋರಿಸುತ್ತಿದ್ದೆ. ಅವಳು ಇದನ್ನು ಎಣಿಸುತ್ತಿದ್ದಳಂತೆ. ಒಂದು ಗಂಟೆಯಲ್ಲಿ ಹದಿನೇಳು ಸಲ ಎಂದು ಎಲ್ಲರೆದುರಿಗೆ ಮಾಲೀಕನಿಗೆ ವರದಿ ಕೊಟ್ಟಳು. ನನ್ನ ಎಣಿಕೆಯಲ್ಲಿ ಅದು ಹದಿನಾಲ್ಕು.

ಮಾಲೀಕ ತಲೆ ಕೆರೆದುಕೊಂಡ. “ಸಾ, ಯೋಳ್ಕೊಡಿ ಅಂದ್ರೆ ಮಾಡ್ಕೊಟ್ಬುಡ್ತೀರಿ. ಅಂಗಾದ್ರೆ ಈ ಹುಡ್ಗಿ ಕಲ್ಯದ್ಯಾವಾಗ?”

“ಅವಳು ಟೈಪು ಮಾಡಿ ಮುಗಿಸುವವರೆಗೆ ಕಾದರೆ ಕನ್ನಂಬಾಡಿ ಕಟ್ಟೆ ತುಂಬಿ ಹರಿಯುತ್ತದೆ” ಎಂದೆ.

“ತುಂಬ್ಲಿ ಬುಡಿ ಸಾ, ಒಳ್ಳೇದೇ ಅಲ್ವಾ? ಆದ್ರೆ ನಿಮ್ ಕೈ ಸುಮ್ಕಿರ್ಬೇಕಲ್ಲ. ಕಟ್ಟಾಕಕ್ಕಾಯ್ತದಾ?”

“ಕಟ್ಟಾಕದು ಬ್ಯಾಡ” ಎಂದಳು ಹುಡುಗಿ, ಬಹಳ ಗೌರವದಿಂದ. “ಟೀ ಕೊಡಿ ಸಾಕು. ಒಂದ್ ಕೈಗಲ್ಲ ಸಾ, ಎರಡ್ಕೂ.”

ಅಂದಿನಿಂದ ಅದು ಕಚೇರಿಯ ನಿಯಮವಾಯಿತು. ಪಾಠ ಶುರುವಾಗುವ ಮುಂಚೆ ಎರಡು ಗಾಜಿನ ಲೋಟ, ತುದಿಯವರೆಗೆ ತುಂಬಿದ ಟೀ. ಪಾಠ ಮುಗಿಯುವವರೆಗೆ ಕೆಳಗಿಡುವಂತಿಲ್ಲ. ಕುಡಿದರೆ ಮತ್ತೆ ತುಂಬುತ್ತಾರೆ. ಮೂಗು ತುರಿಸಿದರೂ ಸಹಿಸಬೇಕು. ಕೀಬೋರ್ಡಿನ ಮೇಲೆ ಒಂದು ಹನಿ ಬಿದ್ದರೆ ಹೊಸದು ತರಿಸುವ ಹೊಣೆ ನನ್ನದು. ಈ ನಿಯಮ ಬಂದ ಮೇಲೆ ಅವಳು ಬೇಗ ಕಲಿತಳೆಂದು ಕಚೇರಿಯವರು ಹೇಳುತ್ತಾರೆ. ನನಗೆ ಪಿತ್ತವಾಯಿತೆಂಬುದನ್ನು ಯಾರೂ ಹೇಳುವುದಿಲ್ಲ.

ಅವಳಿಂದಾದ ಇತರ ಅವಮರ್ಯಾದೆಗಳನ್ನು ದಿನಚರಿಯಲ್ಲಿ ಬರೆದಿಟ್ಟಿದ್ದೇನೆ. ನಾನು ಅವಳ ಕೋಡನ್ನು ಪರಿಶೀಲಿಸಿ, ಉದಾಹರಣೆ ಸಹಿತ ಒಂದೂವರೆ ಪುಟದ ಅಭಿಪ್ರಾಯ ಕಳುಹಿಸಿದರೆ, ಉತ್ತರವಾಗಿ ಒಂದು ಹೆಬ್ಬೆಟ್ಟಿನ ಚಿತ್ರ ಬರುತ್ತಿತ್ತು. ಹೆಬ್ಬೆಟ್ಟು ಒತ್ತುವುದು ಓದು ಬರಹ ಬಾರದವರ ಕಾಲದ್ದು ಎಂದು ಬರೆದೆ. ಅದಕ್ಕೂ ಹೆಬ್ಬೆಟ್ಟೇ ಬಂತು. ಆದರೆ ಎಲ್ಲಕ್ಕಿಂತ ಆಳವಾಗಿ ತಾಗಿದ್ದು ಬೇರೆ.

ನಮ್ಮ ಸಾಫ್ಟ್‌ವೇರಿನಲ್ಲಿ ನಾನೇ ಬರೆದ ಒಂದು ಸಾಲಿದೆ. ಯಂತ್ರ ತನ್ನ ಮಾತನ್ನು ಪೂರ್ತಿ ಹೇಳಿ ಮುಗಿಸುವವರೆಗೆ ಮುಂದಿನವರ ಹಾಲನ್ನು ತೆಗೆದುಕೊಳ್ಳತಕ್ಕದ್ದಲ್ಲ. ಯಾವ ಕಾರಣದಿಂದಲಾದರೂ ಮಾತು ನಡುವೆ ತುಂಡಾದರೆ, ಮೊದಲಿನಿಂದ ಮತ್ತೆ ಹೇಳತಕ್ಕದ್ದು. ಅರ್ಧ ಹೇಳಿದ ಕೃತಜ್ಞತೆ ಬೈಗುಳಕ್ಕಿಂತ ಕೀಳು ಎಂಬುದು ನನ್ನ ನಂಬಿಕೆ. ಒಂದು ದಿನ ಏನೋ ಹುಡುಕುತ್ತಿದ್ದಾಗ ಆ ಸಾಲಿನ ಮೇಲೆ ಅವಳು ಬರೆದಿಟ್ಟ ಟಿಪ್ಪಣಿ ಕಣ್ಣಿಗೆ ಬಿತ್ತು: “ಇದು ಯಾಕಿದೆ ಗೊತ್ತಿಲ್ಲ. ಮುಟ್ಟಿದರೆ ಸಾರ್ ಬೈತಾರೆ.”

ಕರೆದು ಕೇಳಿದೆ. “ಏಕಿದೆ ಎಂದು ನನ್ನನ್ನು ಕೇಳಬಹುದಿತ್ತಲ್ಲ?”

“ಕೇಳ್ದೆ ಸಾ. ಮೂರ್ ಸಲ ಕೇಳ್ದೆ. ಮೂರ್ ಸಲನೂ ನೀವು ಫ್ಯಾಕ್ಟ್ರಿ ಕತೆ ಯೋಳಿದ್ರಿ.”

ಕಾರ್ಖಾನೆಯ ಕತೆಯಲ್ಲಿಯೇ ಉತ್ತರವಿತ್ತು. ಅವಳು ಕೊನೆಯವರೆಗೆ ಕೇಳಿರಲಿಲ್ಲ.

ಎರಡು ತಿಂಗಳು ಕಳೆಯುವ ಹೊತ್ತಿಗೆ ಸಂತೆಬಾಚಹಳ್ಳಿ ಕಡೆಯ ಒಂದು ಹಳ್ಳಿಯ ಡೈರಿಯಿಂದ ದೂರು ಬಂತು. ಮೊದಲು ಒಂದು ಗಂಟೆಯಲ್ಲಿ ಮುಗಿಯುತ್ತಿದ್ದ ಹಾಲು ಹಾಕುವ ಕೆಲಸ ಈಗ ಎರಡು ಗಂಟೆಯಾದರೂ ಮುಗಿಯುತ್ತಿಲ್ಲ, ಹಾಲಿನ ವ್ಯಾನು ಕಾದು ಕಾದು ಬೈದು ಹೋಗುತ್ತಿದೆ ಎಂದು. ಹುಡುಗಿ ಒಂದು ಪರಿಹಾರ ಬರೆದಳು. ಯಂತ್ರ “ಆಯ್ತು, ಮುಂದಿನವರು ಬನ್ನಿ” ಎಂದಷ್ಟೇ ಹೇಳಲಿ. ಫ್ಯಾಟು ಎಷ್ಟೆಂಬುದನ್ನು ಚೀಟಿಯಲ್ಲಿ ಅಚ್ಚು ಹಾಕಿ ಕೊಡಲಿ ಎಂದು. ನಾನು ಎರಡು ಪುಟದ ಆಕ್ಷೇಪಣೆ ಬರೆದು ಅದನ್ನು ತಳ್ಳಿಹಾಕಿದೆ. ಆಗ ಅವಳು ನನ್ನ ವಾಕ್ಯವನ್ನು ಹಾಗೆಯೇ ಬಿಟ್ಟು ಬೇರೊಂದು ದಾರಿ ಹುಡುಕಿದಳು. ಯಂತ್ರ ಮಾತನಾಡುತ್ತಿರುವಾಗಲೇ ಮುಂದಿನವರು ಗುಂಡಿ ಒತ್ತಿದರೆ, ಮಾತು ಅಲ್ಲಿಗೇ ನಿಂತು ಅವರ ಹಾಲಿಗೆ ಜಾಗ ಬಿಡುವುದು. ಇದಕ್ಕಾಗಿ ನನ್ನ ಸಾಲನ್ನು ತೆಗೆದುಹಾಕಿದಳು.

ಮಾಲೀಕ ಇದನ್ನೇ ಅವಳ ಕೊನೆಯ ಪರೀಕ್ಷೆಯಾಗಿ ಮಾಡಿದ. ನಾವಿಬ್ಬರೂ ಆ ಡೈರಿಗೆ ಹೋಗಬೇಕು. ಸಂಜೆಯ ಹಾಲು ಬರುವ ಹೊತ್ತಿಗೆ ಅವಳೊಬ್ಬಳೇ ಹೊಸ ಸಾಫ್ಟ್‌ವೇರನ್ನು ಕೂರಿಸಿ ನಡೆಸಬೇಕು. ನಾನು ಕೈ ಹಾಕಕೂಡದು. ಅಲ್ಲಿಂದಲೇ ಅವನಿಗೆ ಫೋನಿನಲ್ಲಿ ತೀರ್ಮಾನ ತಿಳಿಸಬೇಕು.

ಹೊರಡುವ ಹಿಂದಿನ ದಿನ ಮಧ್ಯಾಹ್ನ ನಾಲ್ಕೂವರೆಗೆ ನಾನು ನನ್ನ ಸಾಲನ್ನು ಅದರ ಜಾಗದಲ್ಲಿ ಮತ್ತೆ ಇಟ್ಟೆ.

ಕದ್ದು ಇಟ್ಟೆ ಎಂದು ಈಗ ಹೇಳುತ್ತಾರೆ. ಕದಿಯುವವನು ಟಿಪ್ಪಣಿ ಬರೆದಿಡುವುದಿಲ್ಲ. ಏನನ್ನು, ಏಕೆ, ಎಷ್ಟು ಗಂಟೆಗೆ ಇಟ್ಟೆನೆಂಬುದನ್ನು ಬದಲಾವಣೆಗಳ ಪಟ್ಟಿಯಲ್ಲಿ ನಾಲ್ಕು ಪೂರ್ಣ ವಾಕ್ಯಗಳಲ್ಲಿ ದಾಖಲಿಸಿದೆ. ನಮ್ಮ ಕಚೇರಿಯಲ್ಲಿ ಆ ಪಟ್ಟಿಯನ್ನು ಯಾರೂ ಓದುವುದಿಲ್ಲ ಎಂಬುದು ಕಚೇರಿಯ ಸಮಸ್ಯೆ. ಅವಳ ಸಾಲನ್ನು ನಾನು ಮುಟ್ಟಲಿಲ್ಲ. ಎರಡೂ ಒಟ್ಟಿಗಿರಲಿ, ಹಿರಿಯರು ಕಿರಿಯರು ಒಂದು ಮನೆಯಲ್ಲಿ ಇರುವುದಿಲ್ಲವೇ ಎಂದುಕೊಂಡೆ.

ಮರುದಿನ ಪಾಂಡವಪುರದಲ್ಲಿ ಬಸ್ಸು ಹತ್ತಿ, ಕೆ.ಆರ್. ಪೇಟೆಯಲ್ಲಿ ಬದಲಿಸಿ, ನಾಲ್ಕು ಗಂಟೆಗೆ ಡೈರಿ ಮುಟ್ಟಿದೆವು. ದಾರಿಯಲ್ಲಿ ಅವಳ ಸೋದರತ್ತೆಯ ಫೋನು ಎರಡು ಸಲ ಬಂತು. “ನಾಳೆ ಯೋಳ್ತೀನಿ ಅತ್ತೆ, ನಾಳೆ” ಎಂದು ಎರಡು ಸಲವೂ ಇಟ್ಟಳು.

ಡೈರಿಯ ಕಾರ್ಯದರ್ಶಿ ಹೆಗಲ ಮೇಲಿನ ಟವೆಲನ್ನು ಕೊಡವುತ್ತ ಎದುರಿಗೆ ಬಂದರು. “ಬನ್ನಿ ಸಾ, ಬಾರವ್ವ. ಮೊದ್ಲು ನಿಮ್ ಡಬ್ಬದ ಬಾಯಿ ಮುಚ್ಸಿ. ನಾನೂ ಒಂದಿನ ಬಟ್ಟೆ ತುರ್ಕಿ ನೋಡ್ದೆ, ಒಳ್ಗೊಳ್ಗೇ ಗೊಣಗ್ತದೆ.”

“ತಡವಾಗುತ್ತಿರುವುದು ಏಕೆ?” ಎಂದು ಕೇಳಿದೆ.

“ನೀವೇ ನೋಡಿ ಸಾ.”

ನೋಡಿದೆ. ಸಂಜೆಯ ಸಾಲು ಆಗಲೇ ಶುರುವಾಗಿತ್ತು, ಇನ್ನೂ ಹಳೆಯ ಸಾಫ್ಟ್‌ವೇರೇ ನಡೆಯುತ್ತಿತ್ತು. ಒಬ್ಬ ರೈತ ಹಾಲು ಸುರಿದ. ಯಂತ್ರ “ಮಾನ್ಯ ಸದಸ್ಯರೇ” ಎಂದಿತು. ರೈತ ಖಾಲಿ ಕ್ಯಾನನ್ನು ಕೆಳಗಿಟ್ಟು, ಚಪ್ಪಲಿ ಬಿಟ್ಟು, ಕೈ ಕಟ್ಟಿ ನಿಂತ. ಹಿಂದಿನವರೂ ನಿಂತರು. ವಾಕ್ಯ ಮುಗಿದ ಮೇಲೂ ಅವನು ಒಂದು ಗಳಿಗೆ ಕಾದು, ಇನ್ನೇನೂ ಹೇಳುವುದಿಲ್ಲವೆಂದು ಖಾತ್ರಿಯಾದ ಮೇಲೆ ತಲೆ ಬಾಗಿಸಿ, ಚಪ್ಪಲಿ ಮೆಟ್ಟಿಕೊಂಡು ಹೊರಟ. ಆಮೇಲೆ ಮುಂದಿನವನು ಚಪ್ಪಲಿ ಬಿಟ್ಟ.

“ಯಾರೋ ದೊಡ್ಡೋರು ಮಾತಾಡ್ತಾವ್ರೆ, ಮಧ್ಯ ಎದ್ದೋದ್ರೆ ಚೆಂದಾಗಿರಲ್ಲ ಅಂತಾರೆ ಸಾ. ನೂರೆಂಬತ್ತು ಜನ. ನೂರೆಂಬತ್ತು ಸಲ ಚಪ್ಲಿ” ಎಂದರು ಕಾರ್ಯದರ್ಶಿ.

ಮೂವತ್ತೊಂದು ವರ್ಷದಲ್ಲಿ ಯಾವ ಸಭೆಯಲ್ಲೂ ನನ್ನ ಮಾತನ್ನು ಯಾರೂ ಕೊನೆಯವರೆಗೆ ಕೇಳಿದ್ದಿಲ್ಲ. “ಇವರು ಸಂಸ್ಕಾರವಂತರು” ಎಂದೆ.

“ಹೌದು ಸಾ. ಅದ್ಕೇ ಲೇಟು” ಎಂದು ಹುಡುಗಿ ಕಂಪ್ಯೂಟರಿನ ಮುಂದೆ ಕುಳಿತಳು.

ಕಾರ್ಯದರ್ಶಿಗಳು ನನಗೊಂದು ಲೋಟ ಟೀ ತಂದುಕೊಟ್ಟರು. ಅವಳು ಸ್ಕ್ರೀನಿನಿಂದ ಕಣ್ಣು ತೆಗೆಯದೆ, “ಅಣ್ಣಾ, ಸಾರ್ಗೆ ಇನ್ನೊಂದ್ ಲೋಟ” ಎಂದಳು.

“ಎರಡು ಲೋಟ ಕುಡಿತಾರಾ?”

“ಕುಡಿಯಲ್ಲ, ಇಡ್ಕೋತಾರೆ.”

ಕಾರ್ಯದರ್ಶಿಗಳು ನನ್ನ ಮುಖ ನೋಡಿದರು. ನಾನು ಇನ್ನೊಂದು ಕೈ ಚಾಚಿದೆ.

ಹೊಸ ಸಾಫ್ಟ್‌ವೇರ್ ಹತ್ತು ನಿಮಿಷದಲ್ಲಿ ಕೂತಿತು. ಮೊದಲ ನಾಲ್ಕು ಜನ ರೂಢಿಯಂತೆ ಚಪ್ಪಲಿ ಬಿಟ್ಟು ಮಾತು ಮುಗಿಯುವವರೆಗೆ ನಿಂತರು, ಎಲ್ಲವೂ ಸರಿಯಾಗಿತ್ತು. ಆಗ ಅವಳು ಎದ್ದು ನಿಂತು ಎಲ್ಲರಿಗೂ ಹೇಳಿದಳು: “ಇನ್ಮೇಲೆ ಕಾಯೋದು ಬ್ಯಾಡ. ಅದು ಮಾತಾಡ್ತಿದ್ರೂ ಪರ್ವಾಗಿಲ್ಲ, ಹಿಂದಿರೋರು ನಂಬರ್ ಒತ್ತಿ ಹಾಲು ಹಾಕಿ. ಅದೇ ಬಾಯ್ ಮುಚ್ಕೋತದೆ.”

ಜನಕ್ಕೆ ಇದು ಬಹಳ ಹಿಡಿಸಿತು. ಇಷ್ಟು ದಿನ ಕೈ ಕಟ್ಟಿ ನಿಂತಿದ್ದವರು ನುಗ್ಗಿ ಬಂದು ಒತ್ತಿದರು. ಅವಳ ಸಾಲು ನನ್ನ ಮಾತನ್ನು ತುಂಡರಿಸಿತು. ಮಾತು ತುಂಡಾದದ್ದನ್ನು ಕಂಡ ನನ್ನ ಸಾಲು, ಮೊದಲಿನಿಂದ ಹೇಳಿಸಿತು. ಹೇಳಿ ಮುಗಿಯುವವರೆಗೆ ಹಾಲಿಗೆ ಜಾಗವಿಲ್ಲ. ಜಾಗವಿಲ್ಲದ್ದಕ್ಕೆ ಜನ ಮತ್ತೆ ಒತ್ತಿದರು.

“ಮಾನ್ಯ ಸದಸ್ಯರೇ, ತಮ್ಮ... ಮಾನ್ಯ ಸದಸ್ಯರೇ... ಮಾನ್ಯ... ಮಾನ್ಯ ಸದ...”

“ಬಿಕ್ಕಳ್ಕೆ ಬಂತು ಕಣ್ಲಾ ಇವ್ನಿಗೆ!” ಎಂದು ಒಬ್ಬ ಕೂಗಿದ.

“ನೀರ್ ಕುಡ್ಸ್ರಲಾ!”

“ಬೆನ್ ತಟ್ಲಾ, ಬೆನ್ ತಟ್ಟು!” ಎಂದು ಇನ್ನೊಬ್ಬ ನಿಜವಾಗಿಯೂ ಸ್ಪೀಕರಿನ ಡಬ್ಬವನ್ನು ತಟ್ಟಿದ. ಹೊರಗೆ ಹಾಲಿನ ವ್ಯಾನು ಹಾರನ್ ಹೊಡೆಯಿತು. ಕಾರ್ಯದರ್ಶಿಗಳು ಮೂಲೆಗೆ ಹೋಗಿ ನಮ್ಮ ಮಾಲೀಕನಿಗೆ ಫೋನು ಹಚ್ಚಿದ್ದು ನನಗೆ ಕೇಳಿಸಿತು: “ನಿಮ್ ಹುಡ್ಗಿ ಬಂದು ಇದ್ದುದ್ನೂ ಕೆಡಿಸ್ಬುಟ್ಲು ಕಣಪ್ಪ!”

ಹುಡುಗಿಯ ಕಿವಿ ಕೆಂಪಾಗಿತ್ತು. ಅವಳು ತನ್ನ ಸಾಲನ್ನು ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ಓದುತ್ತಿದ್ದಳು. ಅಲ್ಲಿ ತಪ್ಪಿರಲಿಲ್ಲ. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ಸುಮ್ಮನಿರುವ ವಿಷಯದಲ್ಲಿ ನನ್ನ ನಿಲುವೇನೆಂದು ಮೇಲೆ ಬರೆದಿದ್ದೇನೆ. ಆ ಹೊತ್ತಿನಲ್ಲಿ ಮಾತ್ರ ಸುಮ್ಮನೆಯೇ ಇದ್ದೆ. ಎರಡೂ ಕೈಯಲ್ಲಿ ಲೋಟವಿತ್ತು ಎಂದು ಹೇಳಿಕೊಳ್ಳಬಹುದು. ಆದರೆ ಬಾಯಲ್ಲಿ ಏನೂ ಇರಲಿಲ್ಲ.

ಕೊನೆಗೆ ತಡೆಯಲಾಗದೆ ಕೂಗಿದೆ: “ದಯವಿಟ್ಟು ಯಾರೂ ಗುಂಡಿಯನ್ನು ಒತ್ತತಕ್ಕದ್ದಲ್ಲ!”

ಗುಂಡಿಗೆ ಚಾಚಿದ್ದ ಕೈಗಳೆಲ್ಲ ಹಿಂದೆ ಸರಿದವು. ಸಾಲಿನ ನಡುವಿನಿಂದ ಒಬ್ಬ ಅಜ್ಜಿ, ಕಂಕುಳಲ್ಲಿ ಕ್ಯಾನು ಅವುಚಿಕೊಂಡು ಮುಂದೆ ಬಂದು, ನನ್ನನ್ನು ಮೇಲಿಂದ ಕೆಳಗೆ ನೋಡಿದಳು. “ಅಯ್ಯೋ ಶಿವ್ನೇ! ಡಬ್ಬದೊಳ್ಗಿರೋ ಅಪ್ಪ ಇವ್ನೇ ಕಣ್ರೋ!”

ಜನ ಸುತ್ತ ಕವಿದರು. ಇಬ್ಬರು ಚಪ್ಪಲಿ ಬಿಟ್ಟರು. ನಾನು ಎರಡು ಲೋಟಗಳನ್ನು ಎದೆಯ ಮಟ್ಟಕ್ಕೆ ಎತ್ತಿ ಹಿಡಿದು, ಚೆಲ್ಲದ ಹಾಗೆ ನಿಂತೆ.

“ನಿಮ್ಮನೇಲಿ ಕುಕ್ಕರ್ ಕೂಗ್ತಾನೇ ಅದೆ, ಯಾರೂ ಇಳ್ಸಲ್ವಾ?” ಎಂದು ಅಜ್ಜಿ ಮೊದಲು ವಿಚಾರಿಸಿದಳು. ಇಳಿಸುತ್ತಾರೆ ಎಂದೆ. ಅವಳು ಕ್ಯಾನನ್ನು ಕೆಳಗಿಟ್ಟಳು. “ಅದಿರ್ಲಿ. ನಮ್ ಹಸಿಂದು ಎರಡು ದಶಾಂಶ ಒಂಬತ್ತು, ಎರಡು ದಶಾಂಶ ಒಂಬತ್ತು ಅಂತ ದಿನಾ ಊರ್ಗೆಲ್ಲ ಕೇಳಂಗೆ ಕೂಗ್ತೀಯಲ್ಲ, ನಿಂಗೇನ್ ಮಾಡಿದ್ದೆ ನಾನು?”

“ಅಜ್ಜಿ, ಅದು ಯಂತ್ರ ಅಳೆದದ್ದು...”

“ಅಳೀಲಿ. ಕೂಗಿದ್ದು ನೀನು. ಶುಕ್ರವಾರ ನಮ್ ಬೀಗ್ತಿ ಬಂದಿದ್ಲು, ಆಗ ಕೂಗ್ದೆ. ಹಬ್ಬದ ಹಿಂದಿನ್ ದಿನ ಕೂಗ್ದೆ. ಮಳೆ ಬಂದಾಗ ಎಲ್ರೂ ಒಳ್ಗೇ ನಿಂತಿದ್ರು, ಆಗ್ಲೂ ಕೂಗ್ದೆ. ಕೂಗ್ಬುಟ್ಟು ಮ್ಯಾಲೆ ಕೃತಜ್ಞತೆ ಬ್ಯಾರೆ! ನೀರ್ ಬೆರ್ಸ್ತಾಳೆ ಅಂತ ಆಡ್ಕೋತಾವ್ರೆ ನನ್ನ.”

ದಿನ, ಸಂದರ್ಭ, ಅಲ್ಲಿ ಯಾರಿದ್ದರು ಎಂಬುದು, ಒಂದೂ ತಪ್ಪದೆ ಆಕೆ ಹೇಳುತ್ತ ಹೋದಳು. ಬರೆದಿಟ್ಟುಕೊಳ್ಳದೆ ಇಷ್ಟನ್ನು ನೆನಪಿಟ್ಟವರನ್ನು ನಾನು ನೋಡಿದ್ದಿಲ್ಲ.

“ಈಗ ನಾನೇನು ಮಾಡಬೇಕು?” ಎಂದು ಕೇಳಿದೆ.

“ಎಲ್ರ ಮುಂದೆ ಕೂಗಿದ್ದು. ಎಲ್ರ ಮುಂದೆ ತೆಪ್ಪಾಯ್ತು ಅನ್ನು.”

ನಾನು ಗಂಟಲು ಸರಿಪಡಿಸಿಕೊಂಡೆ. “ಮಾನ್ಯ ಸದಸ್ಯರೇ” ಎಂದು ಶುರು ಮಾಡಿದೆ. ಅದು ತಾನಾಗಿ ಬಂತು. ಊರಿಗೆ ಊರೇ ಕೈ ಕಟ್ಟಿ ನಿಂತಿತು. “ಈ ಅಜ್ಜಿಯವರ ಹಸುವಿನ ಜಿಡ್ಡಿನಂಶವನ್ನು ಸಾರ್ವಜನಿಕವಾಗಿ ಘೋಷಿಸಿದ್ದು ಅನುಚಿತವಾಗಿತ್ತು. ಇದಕ್ಕಾಗಿ ಕ್ಷಮೆ ಯಾಚಿಸುತ್ತೇನೆ.” ಕೃತಜ್ಞತೆಗಳು ಎಂದು ಬಾಯಿಗೆ ಬಂದದ್ದನ್ನು ನುಂಗಿದೆ. ಅಜ್ಜಿ ಸ್ವಲ್ಪ ಯೋಚಿಸಿ, “ಊಂ, ಸಾಕು ಬುಡು” ಎಂದಳು.

ಅಷ್ಟು ಹೊತ್ತು ಯಾರೂ ಗುಂಡಿ ಮುಟ್ಟದೆ ಇದ್ದುದರಿಂದ, ಯಂತ್ರ ತನ್ನ ವಾಕ್ಯವನ್ನು ಕುಕ್ಕರಿನ ಸಮೇತ ಹೇಳಿ ಮುಗಿಸಿ, ಹಾಲಿಗೆ ಸಿದ್ಧವಾಗಿ ಹಸಿರು ದೀಪ ಹತ್ತಿಸಿಕೊಂಡಿತ್ತು. ಹುಡುಗಿ ದೀಪವನ್ನು ನೋಡಿದಳು. ನನ್ನನ್ನು ನೋಡಿದಳು. ಮುಗಿಯುವವರೆಗೆ ಬಿಟ್ಟರೆ ಸರಿಹೋಗುತ್ತದೆ, ಒತ್ತಿದರೆ ಕೆಡುತ್ತದೆ ಎಂದರೆ ಎಲ್ಲಿ ಹುಡುಕಬೇಕೆಂಬುದು ಅವಳಿಗೆ ಹೊಳೆದಿತ್ತು. ನಮ್ಮ ಕಚೇರಿಯ ಚರಿತ್ರೆಯಲ್ಲಿ ಮೊದಲ ಸಲ ಬದಲಾವಣೆಗಳ ಪಟ್ಟಿಯನ್ನು ಒಬ್ಬರು ತೆರೆದರು. ನನ್ನ ನಾಲ್ಕು ವಾಕ್ಯಗಳನ್ನೂ ಪೂರ್ತಿ ಓದಿದರು.

“ಸಾ, ಇದು ನಿಮ್ದು” ಎಂದಳು, ಮೆಲ್ಲಗೆ.

“ಹೌದು.”

“ನಿನ್ನೆ ನಾಲ್ಕೂವರೆ.”

“ನಾಲ್ಕು ಮೂವತ್ತೆರಡು.”

ಅವಳು ಇನ್ನೇನೋ ಹೇಳುವಷ್ಟರಲ್ಲಿ ನನ್ನ ಜೇಬಿನಲ್ಲಿ ಫೋನು ಬಡಿದುಕೊಂಡಿತು. ಮಾಲೀಕನೇ. ನನ್ನ ಎರಡು ಕೈಯೂ ಖಾಲಿ ಇರಲಿಲ್ಲ. ಇಡಲು ಜಾಗ ಹುಡುಕಿದರೆ ಸುತ್ತ ಬರೀ ಕ್ಯಾನುಗಳು, ಬರೀ ಜನ. ಅವಳು ಎದ್ದು ಬಂದು, ನನ್ನ ಜೇಬಿನಿಂದ ಫೋನು ತೆಗೆದು, ನನ್ನ ಕಿವಿಗೆ ಹಿಡಿದಳು. ಹೀಗೆ, ಯಾರ ಹಣೆಬರಹ ನಾನು ಹೇಳಬೇಕಿತ್ತೋ ಅವಳೇ ಫೋನು ಹಿಡಿದು ನಿಂತಿರಲು ನಾನು ಮಾತನಾಡಬೇಕಾಯಿತು.

“ಏನ್ ಸಾ, ಸೆಕ್ರೆಟ್ರಿ ಬಾಯ್ಗೆ ಬಂದಂಗೆ ಬಯ್ತಾವ್ರೆ. ಹುಡ್ಗಿ ಕೆಡಿಸ್ಬುಟ್ಲಂತೆ? ಬುಡಿ, ನಂಗೊತ್ತಿತ್ತು. ಬ್ಯಾಡ ಅಂತ ಯೋಳ್ಬುಡ್ಲಾ ಅವ್ಳಿಗೆ?”

ಅವನ ಧ್ವನಿ ಪಕ್ಕದ ಓಣಿಗೂ ಕೇಳುವಂಥದ್ದು. ಅವಳ ಕೈ ಅಲುಗಲಿಲ್ಲ. ನಾನು ಆ ಕ್ಷಣದಲ್ಲಿ ಹೆಬ್ಬೆಟ್ಟುಗಳನ್ನು, “ಸಾರ್ ಬೈತಾರೆ” ಎಂಬುದನ್ನು, ಹದಿನೇಳು ಎಂಬ ತಪ್ಪು ಎಣಿಕೆಯನ್ನು ನೆನೆಸಿಕೊಳ್ಳಲಿಲ್ಲ ಎಂದರೆ ಸುಳ್ಳಾಗುತ್ತದೆ. ಎಲ್ಲವೂ ನೆನಪಿಗೆ ಬಂದವು, ಕ್ರಮವಾಗಿಯೇ ಬಂದವು. ಆದರೆ ಆ ಪಟ್ಟಿಯಲ್ಲಿ ಇದು ಇರಲಿಲ್ಲ. ಮಾಡದ್ದನ್ನು ಪಟ್ಟಿಗೆ ಸೇರಿಸಿದರೆ ಮಾಡಿದ್ದಕ್ಕೂ ಬೆಲೆ ಉಳಿಯುವುದಿಲ್ಲ.

“ಕೆಡಿಸಿದ್ದು ಅವಳಲ್ಲ, ನಾನು” ಎಂದೆ. “ಅವಳು ತೆಗೆದ ಸಾಲನ್ನು ನಾನು ಮತ್ತೆ ಇಟ್ಟೆ. ಅವಳಿಗೆ ಹೇಳಲಿಲ್ಲ. ಟಿಪ್ಪಣಿ ಬರೆದಿದ್ದೆ; ನೀನೂ ಓದಲಿಲ್ಲ.”

“ನೀವಾ ಸಾ?”

“ನಾನೇ. ದೋಷ ಎಲ್ಲಿದೆ ಎಂದು ಅವಳೇ ಹುಡುಕಿದಳು. ನನ್ನ ಸಹಾಯವಿಲ್ಲದೆ, ನನ್ನ ಅಡ್ಡಿಯ ನಡುವೆ.”

“ಅಂಗಾದ್ರೆ... ಇಟ್ಕಳದಾ?”

“ಇಟ್ಟುಕೊಳ್ಳಬೇಕು. ಮತ್ತು ಯಂತ್ರ ಇನ್ನು ಮೇಲೆ ಯಾರ ಫ್ಯಾಟನ್ನೂ ಕೂಗತಕ್ಕದ್ದಲ್ಲ. ಚೀಟಿಯಲ್ಲಿ ಕೊಡಬೇಕು. ಅದೂ ಅವಳೇ ಒಂದು ತಿಂಗಳ ಹಿಂದೆ ಹೇಳಿದ್ದು.”

“ಆಯ್ತು ಸಾ. ಆದ್ರೆ ಬರ್ದು ಕೊಡಿ, ಸುಮ್ನೆ ಬಾಯ್ಮಾತು ಬ್ಯಾಡ.”

ಹುಡುಗಿ ಫೋನನ್ನು ನನ್ನ ಜೇಬಿಗೆ ಹಾಕಿ, ಹೋಗಿ ನನ್ನ ಸಾಲನ್ನು ಅಳಿಸಿದಳು. ಯಂತ್ರ “ಮಾನ್ಯ ಸದ” ಎಂದು ಶುರು ಮಾಡಿ, ಮುಂದಿನವನು ಒತ್ತುತ್ತಲೇ ತಣ್ಣಗೆ ಬಾಯಿ ಮುಚ್ಚಿಕೊಂಡಿತು. ಐವತ್ತು ನಿಮಿಷದಲ್ಲಿ ಹಾಲು ಮುಗಿಯಿತು. ಬಸ್ಸಿನಲ್ಲಿ ಅವಳೇ ಸೋದರತ್ತೆಗೆ ಫೋನು ಮಾಡಿ, “ಆ ಇಸ್ಕೂಲ್ನೋರಿಗೆ ಬ್ಯಾರೆಯೋರ್ನ ನೋಡ್ಕಳಿ ಅನ್ನಿ ಅತ್ತೆ” ಎಂದಳು. ನನಗೆ ಧನ್ಯವಾದ ಹೇಳಲಿಲ್ಲ. ಹೇಳುವಂಥದ್ದೇನೂ ನಾನು ಮಾಡಿರಲಿಲ್ಲ ಎಂಬುದನ್ನು ಒಪ್ಪುತ್ತೇನೆ, ಆದರೂ ಬರೆದಿಟ್ಟುಕೊಂಡೆ.

ಮರುದಿನ ಶಿಫಾರಸು ಪತ್ರ ಬರೆದುಕೊಟ್ಟೆ. ಮೂರು ಪುಟ. ಮೊದಲ ಎರಡೂಮುಕ್ಕಾಲು ಪುಟಗಳಲ್ಲಿ ಅವಳ ನಡವಳಿಕೆಯ ಇಪ್ಪತ್ಮೂರು ಲೋಪಗಳನ್ನು ದಿನಾಂಕ ಸಹಿತ ನಮೂದಿಸಿ, ಕೊನೆಯಲ್ಲಿ “ಮೇಲ್ಕಂಡ ಕಾರಣಗಳ ಹೊರತಾಗಿಯೂ ಇವರನ್ನು ಖಾಯಂ ಮಾಡತಕ್ಕದ್ದು, ಇವರಷ್ಟು ಒಳ್ಳೆಯ ಕೆಲಸಗಾರರು ಈ ಕಚೇರಿಯಲ್ಲಿ ಇನ್ನಿಲ್ಲ” ಎಂದು ಬರೆದು ಸಹಿ ಮಾಡಿದೆ. ಮಾಲೀಕ ಕೊನೆಯ ಸಾಲನ್ನು ಮಾತ್ರ ಓದಿ ತಾನೂ ಸಹಿ ಹಾಕಿದ.

ಅವಳು ಪ್ರತಿ ಕೇಳಿ ಪಡೆದು, ಊಟದ ಹೊತ್ತಿನಲ್ಲಿ ಮೂರು ಪುಟವನ್ನೂ ಓದಿ, ನನ್ನ ಮೇಜಿನ ಹತ್ತಿರ ಬಂದಳು.

“ಸಾ, ಹನ್ನೊಂದ್ನೇದು ತಪ್ಪು. ಅವತ್ತು ನೀವು ಬಂದಾಗ ನಾನು ಎದ್ದು ನಿಲ್ಲಲಿಲ್ಲ ಅಂತ ಬರ್ದಿದ್ದೀರ. ಅವತ್ತು ನಾನು ರಜ.”

ದಿನಚರಿ ತೆಗೆದು ನೋಡಿದೆ. ಹಾಜರಿ ಪುಸ್ತಕ ತರಿಸಿ ನೋಡಿದೆ. ಅವಳು ರಜದಲ್ಲಿದ್ದದ್ದು ನಿಜ. ಎದ್ದು ನಿಲ್ಲದೆ ಇದ್ದವನು ಮಾಲೀಕ. ಹನ್ನೊಂದನೆಯ ಅಂಶವನ್ನು ಕೆಂಪು ಶಾಯಿಯಲ್ಲಿ ಹೊಡೆದುಹಾಕಿ, ಪಕ್ಕದಲ್ಲಿ ಚಿಕ್ಕ ಸಹಿ ಮಾಡಿ ಹಿಂದಿರುಗಿಸಿದೆ. ಉಳಿದ ಇಪ್ಪತ್ತೆರಡನ್ನು ಅವಳು ಪ್ರಶ್ನಿಸಲಿಲ್ಲ.